ದೇವರ ಗೂಡಿನ ಬೆಳ್ಳಿ ರೂಪಾಯಿ: ತಕ್ಕಡಿಗೆ ಹಾಕುವ ಮುನ್ನ ಓದಲು ಕಲಿಯಿರಿ

ನಿಮ್ಮ ಮನೆಯ ದೇವರ ಗೂಡನ್ನು ಒಮ್ಮೆ ಕೈಯಾಡಿಸಿ ನೋಡಿ. ಕುಂಕುಮದ ಭರಣಿಯ ಹಿಂದೆಯೋ, ಅತ್ತೆಯವರ ಟ್ರಂಕಿನ ತಳದಲ್ಲಿ ಧಾರೆ ಸೀರೆಯ ಮಡಿಕೆಯಲ್ಲೋ, ಅಕ್ಕಿ ತುಂಬಿದ ಹಿತ್ತಾಳೆ ಡಬ್ಬಿಯಲ್ಲೋ ನಾಲ್ಕಾರು ಹಳೆಯ ಬೆಳ್ಳಿ ರೂಪಾಯಿ ಸಿಕ್ಕೇ ಸಿಗುತ್ತವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ಬಂದು, ಹಾಲು ನೀರಿನಲ್ಲಿ ಮಿಂದು, ಹೂವೇರಿಸಿಕೊಂಡು, ಮರುದಿನ ಮತ್ತೆ ಒಳಗೆ ಹೋಗಿ ಕೂರುವ ನಾಣ್ಯಗಳು ಅವು. ವರ್ಷದ ಉಳಿದ ದಿನಗಳಲ್ಲಿ ಅವುಗಳ ನೆನಪೇ ನಮಗಿರುವುದಿಲ್ಲ.

ನೆನಪಾಗುವುದು ಯಾವಾಗ ಗೊತ್ತೇ? ಕೈ ಕಟ್ಟಿದಾಗ. ಮಗಳ ಕಾಲೇಜು ಫೀಸು, ಬೋರ್‌ವೆಲ್ಲಿನ ಸಾಲ, ಆಸ್ಪತ್ರೆಯ ಖರ್ಚು ಬಂದಾಗ "ಆ ಹಳೇ ಬೆಳ್ಳಿ ಸುಮ್ನೆ ಬಿದ್ದದಲ್ಲ, ಕೊಟ್ಟುಬಿಡೋಣ" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಗಂಡಸರು ಯಾರೋ ಒಬ್ಬರು ರುಮಾಲಿನಲ್ಲಿ ಗಂಟು ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾರೆ. ತಕ್ಕಡಿಗೆ ಬೀಳುತ್ತದೆ. "ಹಳೇ ಮಾಲು, ಕಲಬೆರಕೆ ಇರ್ತದೆ, ಕರಗಿಸಿದರೆ ತೂಕ ಹೋಗ್ತದೆ" ಎಂಬ ಮಾತಾಗುತ್ತದೆ. ಎಷ್ಟು ಬಂತೋ ಅಷ್ಟೇ ಬಂತು. ಆ ನಾಣ್ಯ ಯಾವುದು, ಅದರಲ್ಲಿ ಬೆಳ್ಳಿ ಎಷ್ಟು, ಸಂಗ್ರಾಹಕರು ಕೇಳುವಂಥದ್ದೇ ಅಲ್ಲವೇ ಎಂದು ಯಾರೂ ನೋಡಿರುವುದಿಲ್ಲ.

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸೀಮೆಯ ಸಹೋದರಿಯರೇ, ಈ ಲೇಖನ ಮುಖ್ಯವಾಗಿ ನಿಮಗಾಗಿ. ನಾಣ್ಯ ಮಾರಬೇಡಿ ಎಂದು ಹೇಳಲು ಬರೆಯುತ್ತಿಲ್ಲ. ಕಷ್ಟಕ್ಕಾಗಲೆಂದೇ ಹಿರಿಯರು ಕೂಡಿಟ್ಟದ್ದು, ಕಷ್ಟಕ್ಕೆ ಆಗಲಿ. ಆದರೆ ಮಾರುವ ಮುನ್ನ ಅದನ್ನು ಓದಲು ನೀವೇ ಕಲಿಯಿರಿ. ಅದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಕಿಲ್ಲ. ಒಂದು ಸಣ್ಣ ತಕ್ಕಡಿ, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ ಸಾಕು.

ವರಹದ ನಾಡಿಗೆ ರೂಪಾಯಿ ಬಂದದ್ದು

ಹಂಪಿಯ ಹೆಸರು ಹೇಳಿದ ಕೂಡಲೇ ಮುತ್ತು ರತ್ನ ಬಳ್ಳದಿಂದ ಅಳೆದ ಕಥೆ ನೆನಪಾಗುತ್ತದಲ್ಲವೇ? ಆದರೆ ವಿಜಯನಗರದ ಕಾಲದಲ್ಲಿ ಇಲ್ಲಿ ರಾಜ್ಯಭಾರ ಮಾಡಿದ್ದು ಚಿನ್ನದ ನಾಣ್ಯ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ: ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗ ಹಣ, ಹಣದ ಆರನೆಯ ಒಂದು ಭಾಗ ಬೆಳ್ಳಿಯ ತಾರ, ಅದರ ಮೂರನೆಯ ಒಂದು ಭಾಗ ತಾಮ್ರದ ಜೀತಲ. ಬೆಳ್ಳಿಗೆ ಸಿಕ್ಕಿದ್ದು ಚಿಲ್ಲರೆಯ ಜಾಗ ಮಾತ್ರ! ನಾವು ಇಂದಿಗೂ ದುಡ್ಡಿಗೆ "ಹಣ" ಎನ್ನುತ್ತೇವಲ್ಲ, ಅದು ಆ ಪುಟ್ಟ ಚಿನ್ನದ ನಾಣ್ಯದ ಹೆಸರೇ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದಾಗ ವಿಗ್ರಹಗಳನ್ನು ನೋಡಿ ಹಿಂತಿರುಗಬೇಡಿ, ನಾಣ್ಯಗಳ ಮುಂದೆಯೂ ಐದು ನಿಮಿಷ ನಿಲ್ಲಿ.

ಬೆಳ್ಳಿ ರೂಪಾಯಿ ನಮ್ಮ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿದ್ದು ಕಂಪನಿ ಸರ್ಕಾರದ ಕಾಲದಲ್ಲಿ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1818ರಲ್ಲಿ ಮದ್ರಾಸು ಪ್ರಾಂತದಲ್ಲಿ ವರಹದ ಬದಲು ರೂಪಾಯಿಯೇ ಲೆಕ್ಕದ ನಾಣ್ಯವಾಯಿತು. ಒಂದು ವರಹಕ್ಕೆ ಮೂರೂವರೆ ರೂಪಾಯಿ. 1835ರಲ್ಲಿ ಕಂಪನಿಯ ಆಳ್ವಿಕೆಯಿದ್ದ ಕಡೆಯೆಲ್ಲ ಒಂದೇ ಬಗೆಯ ರೂಪಾಯಿ ಬಂತು. ಅದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡು ಭಾಗಕ್ಕೆ ಹನ್ನೊಂದು ಭಾಗ ಅಪ್ಪಟ ಬೆಳ್ಳಿ. ಈ ಒಂದು ಅಳತೆ 1939ರವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ, ಬದಲಾಗಲೇ ಇಲ್ಲ. ಅಜ್ಜಿಯರು ಬೆಳ್ಳಿ ತೂಗಲು ರೂಪಾಯಿಯನ್ನೇ ಕಲ್ಲಾಗಿ ಬಳಸುತ್ತಿದ್ದುದು ಅದಕ್ಕೇ.

ಕಂಪ್ಲಿಯವರಿಗೆ ಇನ್ನೊಂದು ಮಾತು. ನಿಮ್ಮೂರಿನ ಕೋಟೆಯ ಮೇಲೆ ನಿಂತರೆ ಕಾಣುವ ಹೊಳೆಯ ಆಚೆಯ ದಡ, ಗಂಗಾವತಿಯ ಕಡೆ, 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ನಿಜಾಮರ ಸ್ವಂತ ರೂಪಾಯಿ, "ಹಾಲಿ ಸಿಕ್ಕಾ" ನಡೆಯುತ್ತಿತ್ತು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಇಂಗ್ಲಿಷ್ ರೂಪಾಯಿ. ಹೊಳೆ ದಾಟಿ ಹೆಣ್ಣು ತಂದವರು, ಕೊಟ್ಟವರು, ಭತ್ತ ಮಾರಿದವರು ಇದ್ದ ಮನೆಗಳಲ್ಲಿ ಎರಡೂ ಬಗೆಯ ನಾಣ್ಯ ಒಂದೇ ಡಬ್ಬಿಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಚಾರ್‌ಮಿನಾರಿನ ಚಿತ್ರ, ಸುತ್ತ ಪರ್ಷಿಯನ್ ಅಕ್ಷರ ಇದ್ದರೆ ಅದು ನಿಜಾಮರ ರೂಪಾಯಿ. ತೂಕ ಸ್ವಲ್ಪ ಕಡಿಮೆ, 11.18 ಗ್ರಾಂ, ಬೆಳ್ಳಿ ನೂರಕ್ಕೆ 81.8. 1940ರ ದಶಕದವುಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದಿದೆ. ಇವನ್ನು ಬೇರೆಯಾಗಿಯೇ ಇಡಿ.

ಮುಖ ನೋಡಿ ಗುರುತು ಹಿಡಿಯುವುದು

ನಾಣ್ಯಗಳನ್ನು ಒಂದು ಮೆತ್ತನೆ ಬಟ್ಟೆಯ ಮೇಲೆ ಹರಡಿಕೊಳ್ಳಿ. ಅಂಚು ಹಿಡಿದು ಎತ್ತಿ. ಮುಖದ ಮೇಲೆ ಬೆರಳು ಒತ್ತಬೇಡಿ. ಈಗ ಒಂದೊಂದಾಗಿ ವಿಂಗಡಿಸೋಣ.

ಮುಡಿ ಕಟ್ಟಿದ ತರುಣಿ, ತಲೆಯ ಮೇಲೆ ಕಿರೀಟವಿಲ್ಲ, ಇಸವಿ 1840, ಹಿಂದೆ ಈಸ್ಟ್ ಇಂಡಿಯಾ ಕಂಪನಿ ಎಂದಿದ್ದರೆ ಅದು ಕಂಪನಿಯ ಕಾಲದ ವಿಕ್ಟೋರಿಯಾ ರೂಪಾಯಿ. ಅದಕ್ಕೂ ಹಿಂದಿನದು 1835ರ ಇಸವಿಯ, ನಾಲ್ಕನೆಯ ವಿಲಿಯಂ ದೊರೆಯ ಕಿರೀಟವಿಲ್ಲದ ತಲೆಯದು.

ಕಿರೀಟ ತೊಟ್ಟು, ಕಸೂತಿಯ ಉಡುಪು ಧರಿಸಿದ ರಾಣಿ ಇದ್ದರೆ ಅದು 1862ರ ನಂತರದ್ದು. ಇಲ್ಲೊಂದು ತಮಾಷೆ ಉಂಟು. 1862ರಿಂದ 1874ರವರೆಗೆ ಅಚ್ಚಾದ ರೂಪಾಯಿಗಳ ಮೇಲೆಲ್ಲ 1862 ಎಂದೇ ಇದೆ! ಹೀಗಾಗಿ ಆ ಇಸವಿ ಧಾರಾಳವಾಗಿ ಸಿಗುತ್ತದೆ. "ನೂರಾರು ವರ್ಷ ಹಳೇದು, ಲಕ್ಷ ಬೆಲೆ" ಎಂದು ಯಾರಾದರೂ ಅಂದರೆ ನಂಬಬೇಡಿ. 1876ರವರೆಗೆ ಅವಳು ಕ್ವೀನ್, 1877ರಿಂದ ಎಂಪ್ರೆಸ್, ಚಕ್ರವರ್ತಿನಿ.

ಕಿರೀಟವಿಲ್ಲದ, ಗಡ್ಡದ ದೊರೆ ಏಳನೆಯ ಎಡ್ವರ್ಡ್. ಇಸವಿ 1903ರಿಂದ 1910. ಹಿಂಬದಿಯಲ್ಲಿ ಎರಡೂ ಕಡೆ ಹೂವಿನ ದಂಟುಗಳಿವೆ. ಕಿರೀಟವೂ ಗಡ್ಡವೂ ಎರಡೂ ಇದ್ದರೆ ಐದನೆಯ ಜಾರ್ಜ್, 1911ರಿಂದ 1936. ಕಿರೀಟವಿದ್ದು ಗಡ್ಡವಿಲ್ಲದ ನುಣುಪು ಮುಖ ಆರನೆಯ ಜಾರ್ಜ್, 1938ರಿಂದ ಮುಂದೆ.

ಇನ್ನು ಟಂಕಸಾಲೆಯ ಗುರುತು. ಭೂತಗನ್ನಡಿ ಹಿಡಿದು ನೋಡಿದರೆ ಕೆಲವು ನಾಣ್ಯಗಳಲ್ಲಿ ಸಾಸಿವೆಗಿಂತ ಚಿಕ್ಕ "ಬಿ" ಅಕ್ಷರವೋ, ಐದನೆಯ ಜಾರ್ಜ್ ನಾಣ್ಯದ ಹಿಂಬದಿಯ ಕೆಳಗಡೆಯ ಹೂವಿನ ಬಳಿ ಒಂದು ಚುಕ್ಕಿಯೋ ಕಾಣುತ್ತದೆ. ಅದು ಬೊಂಬಾಯಿ. ಗುರುತಿಲ್ಲದವು ಸಾಮಾನ್ಯವಾಗಿ ಕಲ್ಕತ್ತೆಯವು. ಯುದ್ಧಕಾಲದ ಕೆಲವು ಆರನೆಯ ಜಾರ್ಜ್ ನಾಣ್ಯಗಳಲ್ಲಿ "ಎಲ್" ಇರುತ್ತದೆ, ಅದು ಲಾಹೋರ್. ಒಂದೇ ಇಸವಿಯಲ್ಲಿ ಒಂದು ಊರಿನದು ಧಾರಾಳ, ಇನ್ನೊಂದು ಊರಿನದು ಅಪರೂಪ ಆಗಿರುವುದುಂಟು. ಆದ್ದರಿಂದ ಇಸವಿಯ ಜೊತೆಗೆ ಈ ಗುರುತನ್ನೂ ಬರೆದುಕೊಳ್ಳಿ.

ಎಲ್ಲ ಬೆಳ್ಳಿಯೂ ಒಂದೇ ಬೆಳ್ಳಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಾಣ್ಯಕ್ಕೂ ಸಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ತತ್ವಾರವಾಯಿತು. 1940ರಿಂದ ರೂಪಾಯಿಯ ಗಾತ್ರ, ತೂಕ ಅಷ್ಟೇ ಇಟ್ಟು ಬೆಳ್ಳಿಯನ್ನು ನೂರಕ್ಕೆ 50ಕ್ಕೆ ಇಳಿಸಿದರು. 1947ರ ಇಸವಿಯ, ಹಿಂಬದಿಯಲ್ಲಿ ಹುಲಿಯಿರುವ ರೂಪಾಯಿಯಲ್ಲಂತೂ ಬೆಳ್ಳಿ ಒಂದು ಗುಂಜಿಯೂ ಇಲ್ಲ, ಪೂರ್ತಿ ನಿಕ್ಕಲ್.

ಗುರುತಿಸುವುದು ಸುಲಭ. ಅಯಸ್ಕಾಂತ ಹಿಡಿಯಿರಿ. ನಿಕ್ಕಲ್ ರೂಪಾಯಿ ಅಂಟಿಕೊಳ್ಳುತ್ತದೆ, ಬೆಳ್ಳಿಯದು ಅಂಟುವುದಿಲ್ಲ. 1940ರ ನಂತರದ ಅರ್ಧ ಬೆಳ್ಳಿಯ ನಾಣ್ಯದ ಅಂಚನ್ನು ನೋಡಿ: ಗೆರೆಗಳ ನಡುವೆ ಸುತ್ತಲೂ ಒಂದು ತೋಡು ಹರಿದಿರುತ್ತದೆ. ಕಳ್ಳ ನಾಣ್ಯ ಮಾಡುವವರಿಗೆ ಕಷ್ಟವಾಗಲೆಂದು ಮಾಡಿದ ಉಪಾಯ ಅದು.

ಈಗ ಲೆಕ್ಕ. ಇದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿಡಿ:

1835ರಿಂದ 1939ರವರೆಗಿನ ರೂಪಾಯಿ: ತೂಕ 11.66 ಗ್ರಾಂ, ಅಪ್ಪಟ ಬೆಳ್ಳಿ 10.69 ಗ್ರಾಂ.
1940ರಿಂದ 1945ರವರೆಗಿನ ರೂಪಾಯಿ: ತೂಕ 11.66 ಗ್ರಾಂ, ಅಪ್ಪಟ ಬೆಳ್ಳಿ 5.83 ಗ್ರಾಂ.
1947ರ ಹುಲಿ ರೂಪಾಯಿ: ಬೆಳ್ಳಿ ಇಲ್ಲ.
ಹಳೆಯ ಅರ್ಧ ರೂಪಾಯಿ, ಪಾವಲಿ: ತೂಕವೂ ಬೆಳ್ಳಿಯೂ ಅದೇ ಲೆಕ್ಕದಲ್ಲಿ ಅರ್ಧ ಮತ್ತು ಕಾಲು.

ಆ ದಿನದ ಬೆಳ್ಳಿಯ ಧಾರಣೆಯನ್ನು ಪತ್ರಿಕೆಯಲ್ಲೋ ಫೋನಿನಲ್ಲೋ ನೋಡಿ ಗುಣಿಸಿ. ಲೆಕ್ಕದ ಸುಲಭಕ್ಕೆ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ವಿಕ್ಟೋರಿಯಾ ರಾಣಿಯ ರೂಪಾಯಿಯಲ್ಲಿ 1069 ರೂಪಾಯಿಯ ಬೆಳ್ಳಿ ಇದೆ, 1944ರದ್ದರಲ್ಲಿ 583 ರೂಪಾಯಿಯದು. ಎರಡನ್ನೂ ಒಟ್ಟಿಗೆ ತಕ್ಕಡಿಗೆ ಸುರಿದು "ಎಲ್ಲ ಅರ್ಧ ಬೆಳ್ಳಿಯೇ" ಎಂದು ಲೆಕ್ಕ ಹಾಕಿಸಿಕೊಂಡರೆ, ಇಪ್ಪತ್ತು ರಾಣಿ ರೂಪಾಯಿಗೆ ಒಂಬತ್ತು ಸಾವಿರದ ಏಳುನೂರು ರೂಪಾಯಿ ಕೈಬಿಟ್ಟಂತೆ! ಬಹಳ ಓಡಾಡಿದ ನಾಣ್ಯ ಸವೆದು ತೂಕ ಸ್ವಲ್ಪ ಇಳಿದಿರುತ್ತದೆ, ಅದು ಸಹಜ. ಆದರೆ 11 ಗ್ರಾಮಿಗಿಂತ ತೀರಾ ಕೆಳಗಿದ್ದರೆ, ಅಥವಾ ತೂಕ ಹೆಚ್ಚಿದ್ದರೆ ಸಂಶಯಪಡಿ.

ಬೆಳ್ಳಿಗಿಂತ ಹೆಚ್ಚು ಬೆಲೆಯವು

ಮನೆಗಳಲ್ಲಿ ಸಿಗುವ ಬಹುಪಾಲು ನಾಣ್ಯಗಳ ಬೆಲೆ ಬೆಳ್ಳಿಯ ಬೆಲೆ, ಜೊತೆಗೆ ಒಂದಿಷ್ಟು ಅಷ್ಟೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಸುಮ್ಮನೆ ಆಸೆ ಹುಟ್ಟಿಸಬಾರದು. ಆದರೆ ಕೆಲವನ್ನು ಮಾತ್ರ ಕಣ್ಣು ಮುಚ್ಚಿ ಕೊಡಬೇಡಿ.

ಒಂದು, 1911ರ ಐದನೆಯ ಜಾರ್ಜ್ ರೂಪಾಯಿ. ದೊರೆಯ ಎದೆಯ ಮೇಲಿನ ಪದಕಮಾಲೆಯಲ್ಲಿ ಒಂದು ಪುಟ್ಟ ಆನೆ ಇದೆ. ಆ ವರ್ಷದ ಅಚ್ಚಿನಲ್ಲಿ ಆನೆಯ ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಂಡಿತು. ಮುಸಲ್ಮಾನರು ಇಂಥ ನಾಣ್ಯ ಮುಟ್ಟುವುದು ಹೇಗೆಂದು ಗುಲ್ಲೆದ್ದಿತು. ಸರ್ಕಾರ ಬಹುಪಾಲನ್ನು ಕರಗಿಸಿ, 1912ರಿಂದ ಆನೆಯನ್ನು ತಿದ್ದಿತು. ಉಳಿದವನ್ನು ಇಂದು "ಹಂದಿ ರೂಪಾಯಿ" ಎಂದು ಹುಡುಕುವವರಿದ್ದಾರೆ.

ಎರಡು, 1939ರ ರೂಪಾಯಿ. ಪೂರ್ಣ ಬೆಳ್ಳಿಯ ಕಡೆಯ ರೂಪಾಯಿ ಅದು, ಉಳಿದದ್ದು ಬಲು ಕಡಿಮೆ. ಅದಕ್ಕೇ ಕಳ್ಳ ಮಾಲೂ ಹೆಚ್ಚು. 1938ರ ಎಂಟನ್ನು ತಿದ್ದಿ ಒಂಬತ್ತು ಮಾಡಿದವೂ ಇವೆ. ನಿಮ್ಮಲ್ಲಿ ಇದ್ದರೆ ತಿಳಿದವರಿಗೆ ತೋರಿಸದೆ ಮಾರಬೇಡಿ. ಹೊರಗಿನಿಂದ ಕೊಳ್ಳಲಂತೂ ಹೋಗಬೇಡಿ.

ಮೂರು, ಯಾವ ಇಸವಿಯದಾದರೂ ಸರಿ, ಸವೆಯದ ನಾಣ್ಯ. ರಾಣಿಯ ಕೂದಲಿನ ಎಳೆ, ಉಡುಪಿನ ಕಸೂತಿ, ಕಿರೀಟದ ಮಣಿ ಇನ್ನೂ ಚುರುಕಾಗಿ ಕಾಣುತ್ತಿದ್ದರೆ ಅದರ ಬೆಲೆಯೇ ಬೇರೆ. ಹೊಚ್ಚಹೊಸದಾಗಿದ್ದಾಗಲೇ ಗಂಟು ಸೇರಿ ಓಡಾಡದೆ ಉಳಿದವು ಇವು. ಓಡಾಡಿದ ನಾಣ್ಯ ಗಂಡಸರ ಜೇಬಿನಲ್ಲಿ ಸವೆಯಿತು, ಓಡಾಡದ್ದು ಹೆಂಗಸರ ಗಂಟಿನಲ್ಲಿ ಉಳಿಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಅಮೆರಿಕದ ಡಾಲರಿನ ನೆಂಟಸ್ತಿಕೆ

ನಮ್ಮ ಹೆಂಗಸರ ಬಾಯಲ್ಲಿ "ಡಾಲರ್" ಅಂದರೆ ಅಮೆರಿಕದ ನಾಣ್ಯವಲ್ಲ, ಸರದ ತುದಿಗೆ ತೂಗುವ ಪದಕ. ಬೆಳ್ಳಿ ರೂಪಾಯಿಗೆ ಕೊಕ್ಕೆ ಬೆಸೆಸಿ ಡಾಲರ್ ಮಾಡಿಕೊಂಡವರು ಎಷ್ಟೋ ಮಂದಿ. ಆದರೆ ನಿಮ್ಮ ರೂಪಾಯಿ ಕೊಕ್ಕೆಯಿಲ್ಲದೆಯೂ ನಿಜವಾದ ಡಾಲರೇ ಆಗಿರಬಹುದು ಎಂದರೆ ನಂಬುತ್ತೀರಾ?

ಮೊದಲ ಮಹಾಯುದ್ಧದ ಕೊನೆಯ ವರ್ಷ, 1918. ಸೈನ್ಯದ ಖರ್ಚಿಗೆ ನೋಟುಗಳನ್ನು ಹೊರಡಿಸಿದ್ದ ಭಾರತ ಸರ್ಕಾರಕ್ಕೆ ಒಂದು ಸಂಕಟ ಬಂತು. ಜನ ನೋಟು ನಂಬಲಿಲ್ಲ, ಕೊಟ್ಟು ಬೆಳ್ಳಿ ಕೇಳತೊಡಗಿದರು. ಖಜಾನೆಯಲ್ಲಿ ಬೆಳ್ಳಿ ಬರಿದಾಗುತ್ತ ಬಂತು. ಆಗ ಅಮೆರಿಕ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಒಟ್ಟು 27 ಕೋಟಿ ಡಾಲರ್. ಅದರಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿಯನ್ನು ಬ್ರಿಟನ್ನು ಭಾರತಕ್ಕಾಗಿಯೇ ಕೊಂಡಿತು. ಗಟ್ಟಿಗಳಾಗಿ ಹಡಗಿನಲ್ಲಿ ಬಂದ ಆ ಬೆಳ್ಳಿ ಇಲ್ಲಿ ರೂಪಾಯಿಯಾಯಿತು. ಒಂದು ಅಮೆರಿಕನ್ ಡಾಲರಿನ ತೂಕ 26.73 ಗ್ರಾಂ, ಬೆಳ್ಳಿ ನೂರಕ್ಕೆ 90. ಲೆಕ್ಕ ಹಾಕಿದರೆ ಒಂದು ಡಾಲರಿಗೆ ಎರಡೂಕಾಲು ರೂಪಾಯಿ. ನಿಮ್ಮ ಡಬ್ಬಿಯಲ್ಲಿ 1918, 1919, 1920ರ ಐದನೆಯ ಜಾರ್ಜ್ ರೂಪಾಯಿ ಇದ್ದರೆ ಅದರ ಬೆಳ್ಳಿ ಒಂದು ಕಾಲಕ್ಕೆ ಅಮೆರಿಕದ ಡಾಲರಾಗಿದ್ದಿರಬಹುದು. ಇಷ್ಟೆಲ್ಲ ನಡೆದದ್ದು ಯಾಕೆ? ಕಾಗದಕ್ಕಿಂತ ಬೆಳ್ಳಿಯೇ ವಾಸಿ ಎಂದು ನಮ್ಮ ಅಜ್ಜ ಅಜ್ಜಿಯರು ಹಠ ಹಿಡಿದದ್ದಕ್ಕೆ!

ಈ ಡಾಲರುಗಳದೇ ನಕಲುಗಳು ಇಂದು ಪ್ರವಾಸಿ ಸ್ಥಳಗಳಲ್ಲೂ ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುತ್ತವೆ. ಯಾರಾದರೂ ತೋರಿಸಿದರೆ 26.73 ಗ್ರಾಂ ಎಂಬ ಅಂಕಿ ನೆನಪಿರಲಿ. ತೂಕ ಹೊಂದದಿದ್ದರೆ ಅಲ್ಲಿಗೇ ಕೈಬಿಡಿ.

ಸಂಡೂರಿನ ತಾಂಡಾಗಳ ರೂಪಾಯಿ ಹಾರ

ಬೆಳ್ಳಿ ರೂಪಾಯಿಯನ್ನು ಡಬ್ಬಿಯಲ್ಲಿ ಮುಚ್ಚಿಡದೆ ಎದೆಯ ಮೇಲೇ ಹೊತ್ತು ನಡೆದವರು ನಮ್ಮ ಲಂಬಾಣಿ ಹೆಂಗಸರು. ಕೊರಳಲ್ಲಿ ಹಾಂಸ್ಲಿ, ಎದೆ ತುಂಬ ಕೊಕ್ಕೆ ಹಾಕಿದ ರೂಪಾಯಿಗಳ ಹಾರ, ಕುಪ್ಪಸದ ಅಂಚಿಗೂ ಮುಸುಕಿಗೂ ಹೊಲಿದ ಚಿಲ್ಲರೆ. ಬ್ಯಾಂಕು ಹತ್ತಿರವಿಲ್ಲದ ತಾಂಡಾಗಳಲ್ಲಿ ಅದೇ ಬ್ಯಾಂಕು. ಮದುವೆಯಲ್ಲಿ ಬಂದದ್ದು, ಮಗಳಿಗೆ ಹೋಗುವಂಥದ್ದು.

ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಕಸೂತಿ ಇಂದು ಲೋಕಪ್ರಸಿದ್ಧ. ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಕಸೂತಿಗೆ ಬೆಲೆ ಬಂದಂತೆ ಆ ಹಾರಗಳಿಗೂ ಬರಬೇಡವೇ? ದುಃಖದ ಮಾತೆಂದರೆ ಬರಗಾಲ ಬಂದಾಗ ಮೊದಲು ಬಿಚ್ಚುವುದು ಅದನ್ನೇ.

ಇದು ಇಂದಿನ ಕಥೆಯಲ್ಲ. 1876ರಿಂದ 78ರ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಕ್ಷಾಮದ ನಾಡುಗಳಿಂದ ಹೆಂಗಸರ ಕಡಗ, ಕಾಲ್ಗಡಗ, ಸರಗಳ ಬೆಳ್ಳಿ ಬೊಂಬಾಯಿ ಟಂಕಸಾಲೆಗೆ ರಾಶಿರಾಶಿಯಾಗಿ ಬಂದು ಬಿತ್ತು. ಕರಗಿ ಮತ್ತೆ ರೂಪಾಯಿಯಾಯಿತು. 1877, 1878ರ ಇಸವಿಯ ಬೊಂಬಾಯಿ ರೂಪಾಯಿ ಕೈಗೆ ಬಂದರೆ ಒಂದು ಕ್ಷಣ ಸುಮ್ಮನೆ ಹಿಡಿದುಕೊಳ್ಳಿ. ಯಾವಳೋ ತಾಯಿ ಒಂದು ಸೇರು ಜೋಳಕ್ಕಾಗಿ ಬಿಚ್ಚಿಕೊಟ್ಟ ಕಡಗ ಅದರಲ್ಲಿ ಇದ್ದಿರಬಹುದು.

ತಾಂಡಾದ ಸಹೋದರಿಯರಿಗೆ ಒಂದು ಕಿವಿಮಾತು. ಕೊಕ್ಕೆ ಬೆಸೆದ ಬಿಡಿ ರೂಪಾಯಿಗೆ ನಾಣ್ಯ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ, ಬೆಸುಗೆ ಅದರ ಅಂಗ ಕೆಡಿಸಿರುತ್ತದೆ. ಆದರೆ ಇಡೀ ಹಾರಕ್ಕೆ ಹಾರವಾಗಿಯೇ ಬೆಲೆ ಉಂಟು. ಕೊಕ್ಕೆ ಕತ್ತರಿಸಿ, ಬಿಡಿ ಮಾಡಿ ತೂಕಕ್ಕೆ ಹಾಕಿದರೆ ಎರಡೂ ಬೆಲೆ ಹೋಯಿತು. ಮಾರಲೇಬೇಕಾದರೆ ಇಡಿಯಾಗಿ ತೋರಿಸಿ ಕೇಳಿ. ಸಾಧ್ಯವಿದ್ದರೆ ಮಾರುವ ಬದಲು ಅಡವಿಟ್ಟು ಬಿಡಿಸಿಕೊಳ್ಳಿ.

ಹುಣಿಸೆಹಣ್ಣು ದೂರವಿರಲಿ!

ಅಡುಗೆಮನೆಯ ತಾಮ್ರದ ಹಂಡೆಗೆ ಹುಣಿಸೆಹಣ್ಣು ಸರಿ. ನಾಣ್ಯಕ್ಕೆ ಅಲ್ಲವೇ ಅಲ್ಲ. ಹುಣಿಸೆ, ಬೂದಿ, ಹಲ್ಲಿನ ಪುಡಿ, ಟೂತ್‌ಪೇಸ್ಟು, ಪಾತ್ರೆ ಪುಡಿ, ಬೆಳ್ಳಿ ಪಾಲಿಶ್ ಯಾವುದೂ ಬೇಡ. ನಾಣ್ಯದ ಮೇಲಿನ ಕಪ್ಪು ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಕಟ್ಟಿದ ತೆಳುವಾದ ಪೊರೆ. ಅದನ್ನು ತಿಕ್ಕಿ ತೆಗೆದರೆ ಜೊತೆಗೆ ಬೆಳ್ಳಿಯ ಕೂದಲೆಳೆಯೂ ಹೋಗಿ, ಸಾವಿರ ಸಣ್ಣ ಗೀರುಗಳು ಉಳಿಯುತ್ತವೆ. ಫಳಫಳ ಹೊಳೆಯುವ ತಿಕ್ಕಿದ ನಾಣ್ಯಕ್ಕಿಂತ ಮಂಕಾಗಿರುವ ತಿಕ್ಕದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ.

"ಹಾಗಾದ್ರೆ ಪೂಜೆಗೆ ಕರೀ ನಾಣ್ಯ ಇಡೋದೇ?" ಅಂತೀರಾ? ಅದಕ್ಕೂ ದಾರಿ ಇದೆ. ಚೆನ್ನಾಗಿ ಸವೆದ ಎರಡು ಮೂರು ಸಾಮಾನ್ಯ ನಾಣ್ಯಗಳನ್ನು ಪೂಜೆಗೆಂದೇ ಬೇರೆ ಇಡಿ. ಅವನ್ನು ತೊಳೆದು ಕುಂಕುಮವಿಟ್ಟು ಏನು ಬೇಕಾದರೂ ಮಾಡಿ. ಒಳ್ಳೆಯವನ್ನು ಪಕ್ಕದಲ್ಲಿ ಹಾಗೆಯೇ ಒಣಗಿದ್ದಂತೆ ಇರಿಸಿ ನಮಸ್ಕರಿಸಿ. ಲಕ್ಷ್ಮಿ ಕೋಪಿಸಿಕೊಳ್ಳುವುದಿಲ್ಲ.

ಇಡುವ ಕ್ರಮವೂ ಮುಖ್ಯ. ರಬ್ಬರ್ ಬ್ಯಾಂಡು, ಹಳೆಯ ಪತ್ರಿಕೆಯ ಹಾಳೆ, ಉಣ್ಣೆ ಬಟ್ಟೆ ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತವೆ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಇಟ್ಟರೆ ಹಸಿರು ಜಿಡ್ಡು ಕಟ್ಟುತ್ತದೆ. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಸುತ್ತಿ, ಒಣ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಸಿಲಿಕಾ ಜೆಲ್ ಪೊಟ್ಟಣ, ಅದನ್ನು ಎಸೆಯದೆ ಡಬ್ಬಿಯೊಳಗೆ ಹಾಕಿ. ಗದ್ದೆ ನೀರಿನ ತೇವವಿರುವ ಕಂಪ್ಲಿ ಕಡೆಯವರಿಗೆ ಇದು ಬಹಳ ಉಪಯೋಗ.

ಲಕ್ಷ ಕೊಡುತ್ತೇನೆಂದವರು ಸಿಕ್ಕಿದರೆ

"ಹಳೇ ನಾಣ್ಯ ಇದೆಯೇ? ಐದು ಲಕ್ಷ ಕೊಡುತ್ತೇವೆ" ಎಂಬ ಜಾಹೀರಾತು ಫೋನಿನಲ್ಲಿ ನೀವೂ ನೋಡಿರುತ್ತೀರಿ. ಮೊದಲು ಹೊಗಳಿಕೆ, ಆಮೇಲೆ "ನೋಂದಣಿಗೆ ಎರಡು ಸಾವಿರ, ತೆರಿಗೆಗೆ ಹತ್ತು ಸಾವಿರ ಕಳಿಸಿ" ಎಂಬ ಮಾತು. ಕಳಿಸಿದ ಮೇಲೆ ಫೋನೇ ಸ್ವಿಚ್ ಆಫ್. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ತೋರಿಸುವ ಧೈರ್ಯವಂತರೂ ಇದ್ದಾರೆ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಸಾರಿದೆ: ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ಮಾರುವ ವ್ಯವಹಾರ ತನಗಿಲ್ಲ, ಅದಕ್ಕಾಗಿ ಶುಲ್ಕವನ್ನೋ ಕಮಿಷನ್ನನ್ನೋ ತಾನು ಕೇಳುವುದಿಲ್ಲ. ನಿಜವಾಗಿ ಕೊಳ್ಳುವವನು ನಿಮಗೆ ದುಡ್ಡು ಕೊಡುತ್ತಾನೆ, ನಿಮ್ಮಿಂದ ಕೇಳುವುದಿಲ್ಲ. ಇಷ್ಟೇ ಸೂತ್ರ.

ರಾಮ, ಸೀತೆ, ಹನುಮಂತನ ಚಿತ್ರವಿದ್ದು ಹಿಂದೆ ಕಂಪನಿಯ ಹೆಸರು, 1616 ಎಂದೋ 1818 ಎಂದೋ ಇಸವಿ ಇರುವ ಬಿಲ್ಲೆಗಳನ್ನೂ ತೋರಿಸುತ್ತಾರೆ. ಕಂಪನಿ ಅಂಥ ನಾಣ್ಯ ಅಚ್ಚು ಹಾಕಿಯೇ ಇಲ್ಲ. "ಇದು ಅಕ್ಕಿ ಎಳೆಯುವ ನಾಣ್ಯ" ಎಂದರಂತೂ ಎದ್ದು ಬಾಗಿಲು ಹಾಕಿಕೊಳ್ಳಿ.

ಹಂಪಿ ಸೀಮೆಗೆ ಇನ್ನೊಂದು ಪಿಡುಗಿದೆ, ನಿಧಿಯ ಹುಚ್ಚು. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಕೆಡವಿದ್ದನ್ನು ಯಾರು ಮರೆಯಲಾದೀತು? ಪಾಯ ತೋಡುವಾಗಲೋ ಹೊಲ ಉಳುವಾಗಲೋ ನಾಣ್ಯ ಸಿಕ್ಕರೆ ಅದು ಮನೆಯ ಗಂಟಿನ ನಾಣ್ಯದಂತಲ್ಲ. ಕಾನೂನಿನ ಪ್ರಕಾರ ಅದು ನಿಕ್ಷೇಪ, ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ತಿಳಿಸಿದವರಿಗೆ ಪ್ರತಿಫಲಕ್ಕೆ ಅವಕಾಶವುಂಟು, ಮುಚ್ಚಿಟ್ಟವರಿಗೆ ಶಿಕ್ಷೆ.

ಮಕ್ಕಳು ಅಮೆರಿಕದಲ್ಲೋ ದುಬೈಯಲ್ಲೋ ಇದ್ದಾರೆಯೇ? ಪ್ರೀತಿಯಿಂದ ಅವರ ಸೂಟ್‌ಕೇಸಿಗೆ ಅಜ್ಜಿಯ ರೂಪಾಯಿ ಹಾಕಿಬಿಡಬೇಡಿ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಮಾರಲೇಬೇಕಾದರೆ

ಮನೆಯಲ್ಲೇ ತೂಗಿ ಬರೆದುಕೊಳ್ಳಿ. ಎರಡೂ ಮುಖದ ಫೋಟೋ ತೆಗೆದಿಡಿ. ಪೂರ್ಣ ಬೆಳ್ಳಿ, ಅರ್ಧ ಬೆಳ್ಳಿ, ನಿಕ್ಕಲ್ ಎಂದು ಮೂರು ಗಂಟು ಮಾಡಿ. ಮೊದಲ ದಿನ ಎಲ್ಲವನ್ನೂ ಒಯ್ಯಬೇಡಿ, ಬಗೆಗೊಂದು ಒಯ್ದು ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿ. ದರ ಗ್ರಾಮಿಗೆ ಎಷ್ಟು, ಕಡಿತ ಎಷ್ಟು ಎಂದು ಬಿಡಿಸಿ ಕೇಳಿ, ಚೀಟಿ ಬರೆಸಿಕೊಳ್ಳಿ. ಅಪರೂಪದ್ದೆಂದು ತೋರಿದ್ದನ್ನು ಬೆಳ್ಳಿ ಅಂಗಡಿಯಲ್ಲಿ ಕೊಡದೆ, ದೊಡ್ಡ ಊರುಗಳಲ್ಲಿ ನಡೆಯುವ ನಾಣ್ಯ ಪ್ರದರ್ಶನಕ್ಕೋ ಹರಾಜಿನವರಿಗೋ ತೋರಿಸಿ. ಉಡುಪಿಗೆ ಯಾತ್ರೆ ಹೋದಾಗ ಕೃಷ್ಣನ ದರ್ಶನದ ಜೊತೆಗೆ, ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರಾದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹವನ್ನೂ ನೋಡಿ ಬನ್ನಿ, ಕಣ್ಣು ಪಳಗುತ್ತದೆ.

ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ತವರಿನಿಂದ ಬಂದ, ಉಡಿ ತುಂಬುವಾಗ, ತೊಟ್ಟಿಲಿಗೆ ಹಾಕುವಾಗ, ಅತ್ತೆ ಕೈಯೆತ್ತಿ ಕೊಟ್ಟಾಗ ನಿಮ್ಮ ಕೈಸೇರಿದ ಬೆಳ್ಳಿ ನಿಮ್ಮದು. ಅದು ಸ್ತ್ರೀಧನ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಹೆಣ್ಣುಮಗಳ ಸ್ವತ್ತಿಗೆ ಅವಳನ್ನೇ ಪೂರ್ಣ ಒಡತಿ ಎಂದಿದೆ. ಮನೆಯ ಕಷ್ಟಕ್ಕೆ ಕೊಡಬೇಕೋ ಬೇಡವೋ ಎಂದು ಹೇಳುವವರು ನೀವು. ಕೊಟ್ಟರೂ ಎಷ್ಟು ಕೊಟ್ಟೆ ಎಂಬುದು ನಿಮಗೆ ಗೊತ್ತಿರಬೇಕು.

1940ರ ದಶಕದ ಮೊದಲ ವರ್ಷಗಳಲ್ಲಿ ಸರ್ಕಾರ ಪೂರ್ಣ ಬೆಳ್ಳಿಯ ರೂಪಾಯಿಗಳನ್ನು ಹಂತಹಂತವಾಗಿ ವಾಪಸ್ ಕರೆಯಿತು. ತಂದುಕೊಡಿ, ಇಲ್ಲವಾದರೆ ಚಲಾವಣೆಗೆ ಸಲ್ಲದು ಎಂದಿತು. ಕೋಟಿಗಟ್ಟಲೆ ನಾಣ್ಯ ಹಿಂತಿರುಗಿ ಕರಗಿಹೋಯಿತು. ಇಂದು ನಿಮ್ಮ ಮನೆಯಲ್ಲಿರುವುದು, ಯಾರೋ ಒಬ್ಬ ಅಜ್ಜಿ ಅಂದು ಕೊಡದೆ ಸೆರಗಿನ ಗಂಟಿನಲ್ಲಿ ಉಳಿಸಿಕೊಂಡದ್ದು. ಒಂದು ಸಣ್ಣ ನೋಟ್ ಪುಸ್ತಕ ತೆಗೆದುಕೊಂಡು ಇಸವಿ, ದೊರೆಯ ಹೆಸರು, ತೂಕ, ಯಾರಿಂದ ಬಂತು ಎಂದು ಇಂದೇ ಬರೆಯಲು ಶುರುಮಾಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ಮುಂದೊಂದು ದಿನ ಆ ಡಬ್ಬಿ ಅವಳ ಕೈಗೆ ಹೋದಾಗ, ಜೊತೆಗೆ ಅದರ ಲೆಕ್ಕವೂ ಹೋಗಲಿ.